ಅಡ್ಡ ತಿರುಗಿದ ಬಿಲ

ಅಮೆರಿಕೆಯ ಭೂಪಟದಲ್ಲಿ ಕೇಪ್ ಕಾಡ್ ಎಂಬ ನೆಲದ ತುಂಡು, ಮೊಣಕೈ ಮಡಿಸಿ ಅಟ್ಲಾಂಟಿಕ್ ಸಾಗರಕ್ಕೆ ಚಾಚಿದ ತೋಳಿನಂತೆ ಕಾಣುತ್ತದೆ. ಆ ತೋಳಿನ ಬುಡದಲ್ಲಿ, ಪಶ್ಚಿಮಕ್ಕೆ ಮುಖಮಾಡಿ, ವೆಸ್ಟ್ ಫಾಲ್ಮೌತ್ ಎಂಬ ಊರಿದೆ. ಕಳೆದ ಬೇಸಗೆಯ ರಜೆಯಲ್ಲಿ, ಬಾಸ್ಟನ್ನಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ನನ್ನನ್ನು ಕಾರಿನಲ್ಲಿ ಅಲ್ಲಿಗೆ ಕರೆದೊಯ್ದ. ಪ್ರವಾಸಿಗಳು ಅರಸಿ ಹೋಗುವುದು ಅಲ್ಲಿಯ ಮರಳದಂಡೆಗಳನ್ನು. ನಾನು ಕೇಳಿದ್ದು ವೈಲ್ಡ್ ಹಾರ್ಬರ್ ಎಂಬ ಜವುಗನ್ನು.

“ಕೆಸರು ನೋಡಲು ಇಷ್ಟು ದೂರ ಬಂದಿರಾ, ಮಾವ?” ಎಂದು ಹುಡುಗ ನಕ್ಕ.

ಉಬ್ಬರದಲ್ಲಿ ಮುಳುಗಿ, ಇಳಿತದಲ್ಲಿ ಮೈದೋರುವ ನೆಲ ಅದು. ನಮ್ಮ ಕುಮಟೆಯ ಕಡೆಯ ಗಜನಿಯನ್ನು ಕಂಡವರಿಗೆ ತೀರ ಅಪರಿಚಿತವೆನಿಸದು. ಮೊಣಕಾಲೆತ್ತರದ ಹಸುರು ಹುಲ್ಲು. ಅದರ ಬುಡದಲ್ಲಿ ನೂರಾರು ಪುಟ್ಟ ಏಡಿಗಳು. ಗಂಡೇಡಿಗೆ ಒಂದು ಕೈ ಮಾತ್ರ ವಿಪರೀತ ದೊಡ್ಡದು. ಅದನ್ನು ಆಡಿಸುವ ವೈಖರಿ ಕಂಡು ಅಲ್ಲಿಯವರು ಅದಕ್ಕೆ ‘ಪಿಟೀಲುಗಾರ’ನೆಂದೇ ಹೆಸರಿಟ್ಟಿದ್ದಾರೆ. ನನ್ನ ನೆರಳು ಬಿದ್ದೊಡನೆ ಕಛೇರಿ ಮುಕ್ತಾಯ, ವಿದ್ವಾಂಸರೆಲ್ಲ ಬಿಲದೊಳಗೆ!

1969ರ ಸೆಪ್ಟೆಂಬರ್ 16ರಂದು ‘ಫ್ಲಾರಿಡಾ’ ಎಂಬ ಸರಕುದೋಣಿ ಈ ತೀರದಾಚೆ ನೆಲಕಚ್ಚಿ, ಸುಮಾರು 7 ಲಕ್ಷ ಲೀಟರ್ ಉರುವಲೆಣ್ಣೆ ಕಡಲಿನ ಪಾಲಾಯಿತು. ಎಣ್ಣೆ ನೀರಿನ ಮೇಲೆ ತೇಲುತ್ತದೆಂಬುದು ಬಾಲಪಾಠ. ಆದರೆ ಗಾಳಿಯೂ ಅಲೆಯೂ ಅದನ್ನು ಕಡೆದು ತಳದ ಕೆಸರಿಗೆ ಬೆರೆಸಿದವು. ಮೀನು, ಲಾಬ್‌ಸ್ಟರ್, ಚಿಪ್ಪುಜೀವಿ, ಹುಳುಗಳ ಶವಗಳು ದಡಕ್ಕೆ ಬಂದು ಬಿದ್ದವು.

ಕೆಲವೇ ಮೈಲಿಗಳಾಚೆ ವುಡ್ಸ್ ಹೋಲ್‌ನಲ್ಲಿ ಪ್ರಸಿದ್ಧವಾದ ಸಾಗರವಿಜ್ಞಾನ ಸಂಸ್ಥೆಯಿರುವುದರಿಂದ, ಅನಾಹುತವು ಪಂಡಿತರ ಮನೆಬಾಗಿಲಲ್ಲೇ ನಡೆದಂತಾಯಿತು. ಮ್ಯಾಕ್ಸ್ ಬ್ಲೂಮರ್ ಎಂಬವರು ಎಣ್ಣೆ ಕೆಸರಿನಲ್ಲಿ ಉಳಿದೇ ಇದೆಯೆಂದು ತೋರಿಸಿಕೊಟ್ಟರು. ಹೊವಾರ್ಡ್ ಸ್ಯಾಂಡರ್ಸ್ ತಳದ ಜೀವಿಗಳನ್ನು ಜರಡಿಯಾಡಿ ಎಣಿಸಿದರು. ಎಣ್ಣೆ ಹೆಚ್ಚು ತಾಗಿದೆಡೆ ಜೀವಸಂಕುಲವೇ ಹೆಚ್ಚುಕಡಿಮೆ ಅಳಿದಿತ್ತು. ಬರಿದಾದ ಮನೆಗೆ ಬಳಿಕ ‘ಕ್ಯಾಪಿಟೆಲ್ಲಾ’ ಎಂಬ ಒಂದೇ ಜಾತಿಯ ಹುಳು ಒಕ್ಕಲು ಬಂದು, ಅಪಾರವಾಗಿ ಹೆಚ್ಚಿತು. ತಲೆ ಎಣಿಸಿದರೆ ಸಮೃದ್ಧಿ, ಜಾತಿ ಎಣಿಸಿದರೆ ಹಾಳೂರು.

ಹುಲ್ಲೇನೋ ಮತ್ತೆ ಚಿಗುರಿತು, ನೀರೂ ತಿಳಿಯಾಯಿತು. ಆದರೆ 2000ದಲ್ಲಿ ಕೆಸರನ್ನು ತೆಗೆದು ಪರೀಕ್ಷಿಸಿದಾಗ, ಕೆಲವೇ ಅಂಗುಲಗಳ ಕೆಳಗೆ ಎಣ್ಣೆ ಇನ್ನೂ ಇತ್ತು! ಜವುಗಿನ ಒಡಲಲ್ಲಿ ಪ್ರಾಣವಾಯು ಇಲ್ಲವಾದ್ದರಿಂದ, ಎಣ್ಣೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ಅಲ್ಲಿ ಬಲು ನಿಧಾನ. ಅಲ್ಲಿಗೆ ಗಾಳಿಯನ್ನು ಒಯ್ಯುವವರು ಯಾರು? ಬಿಲ ತೋಡುವ ಏಡಿ, ಹುಳುಗಳೇ.

ಆ ಏಡಿಗಳ ಬಿಲಗಳಿಗೆ ಸಂಶೋಧಕರು ಪ್ಲಾಸ್ಟರ್ ಎರೆದು ಅಚ್ಚು ತೆಗೆದರು. 2007ರಲ್ಲಿ ಆ ವಿಷಯ ಪ್ರಕಟವಾಯಿತು. ಶುದ್ಧವಾದ ಜವುಗಿನಲ್ಲಿ ಬಿಲ ನೇರ ಕೆಳಗಿಳಿಯುತ್ತಿತ್ತು. ಇಲ್ಲಿಯದು ಎಣ್ಣೆಯ ಪದರದ ಬಳಿಗೆ ಬಂದು, ತಡೆದು, ಅಡ್ಡ ತಿರುಗಿತ್ತು. ಮೂವತ್ತೆಂಟು ವರ್ಷಗಳ ಹಿಂದಿನ ಅಪಘಾತವನ್ನು ಆ ಏಡಿಗಳಾವುವೂ ಕಂಡಿರಲಿಲ್ಲ. ಎಣ್ಣೆಗೆ ಅಂಜಿ ಏಡಿ ಇಳಿಯದು. ಏಡಿ ಇಳಿಯದೆ ಎಣ್ಣೆ ಕರಗದು. ಈ ಗಂಟನ್ನು ಬಿಡಿಸುವ ಉಪಾಯ ನನಗಂತೂ ಹೊಳೆಯಲಿಲ್ಲ.

ಇಷ್ಟನ್ನು ಕೇಳಿದ ಮೇಲೆ ಹುಡುಗ ನಗಲಿಲ್ಲ. ಷರಾಯಿ ಕೆಸರಾಗುವುದನ್ನೂ ಲೆಕ್ಕಿಸದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳುಗಾತ್ರದ ಒಂದು ಬಿಲಕ್ಕೆ ಕಣ್ಣಿಟ್ಟ.

“ಇದು ನೆಟ್ಟಗಿದೆಯೋ ಅಡ್ಡವೋ, ಮಾವ?”

ಅಷ್ಟರಲ್ಲಿ ಉಬ್ಬರದ ನೀರು ಹುಲ್ಲಿನ ನಡುವೆ ಸದ್ದಿಲ್ಲದೆ ಹರಿದು ಬಂದು, ಬಿಲವನ್ನು ತುಂಬಿತು.