ಕೃಷ್ಣಕಮಲದ ಲೆಕ್ಕ

ಗೋಕುಲ ರಸ್ತೆಯ ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಮಣ್ಣೂ ಹೂದೋಟಕ್ಕೆ ಹೇಳಿ ಮಾಡಿಸಿದ್ದಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ, ಮಳೆಗಾಲದಲ್ಲಿ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಎರಿಮಣ್ಣು. ಇಂಥಲ್ಲಿ ಪ್ಯಾಷನ್ ಹಣ್ಣಿನ ಬಳ್ಳಿ ಹಬ್ಬಿಸುವ ಹುಚ್ಚು ನನಗೆ ನಿವೃತ್ತಿಯ ಅನಂತರ ಹತ್ತಿತು. ಕೊಡಗಿನಿಂದ ತಂದ ನೇರಳೆ ಹಣ್ಣಿನ ಬಳ್ಳಿಯೊಂದು, ಹಳದಿ ಹಣ್ಣಿನದೊಂದು, ಹಿಂದಿನ ಗೋಡೆಯ ತಂತಿಗೆ ಎದುರುಬದುರಾಗಿ ಹಬ್ಬಿದವು.

ನಾವು ಕೃಷ್ಣಕಮಲವೆಂದು ಕರೆಯುವ ಹೂವಿನ ಕುಲವೇ ಇದು. ಸುತ್ತ ಕಿರಣಗಳಂತೆ ಹರಡಿದ ಎಳೆಗಳು ನೂರು ಮಂದಿ ಕೌರವರು, ಅವುಗಳ ಮೇಲೆ ನಿಂತ ಐದು ಕೇಸರಗಳು ಪಾಂಡವರು, ತುದಿಯ ಮೂರು ಶಲಾಕೆಗಳು ತ್ರಿಮೂರ್ತಿಗಳು. ಈ ಕತೆಯನ್ನು ನಾನೂ ಪಾಠದ ನಡುವೆ ವರ್ಷವರ್ಷವೂ ಹೇಳಿದವನೇ. ಕಲಘಟಗಿ ಕಡೆಯ ಆ ಶಾಲೆಯ ಬೇಲಿಯ ಮೇಲೆ ಕುಕ್ಕಿಬಳ್ಳಿ ಯಥೇಚ್ಛವಾಗಿ ಬೆಳೆಯುತ್ತಿತ್ತು. ಜಾಲರಿಯೊಳಗೆ ಅಡಗಿದ ಅದರ ಹಳದಿ ಹಣ್ಣನ್ನು ಹುಡುಗರು ಬಿಡುವಿನಲ್ಲಿ ತಿನ್ನುತ್ತಿದ್ದರು. ಅದೂ ಇದೇ ಕುಲದ್ದು. ಕತೆಗೆ ಅದರ ಹೂವೇ ನನಗೆ ಸಾಕಾಗುತ್ತಿತ್ತು.

ಒಂದು ದಿನ ಏಳನೆಯ ತರಗತಿಯ ಹುಡುಗನೊಬ್ಬ ಆ ಹೂವನ್ನು ಅಂಗೈಯಲ್ಲಿ ಹಿಡಿದು ಎದ್ದು ನಿಂತ. "ಸರ್, ಎಣಿಸೀನ್ರಿ. ನೂರು ಇಲ್ರಿ." ತರಗತಿ ನಕ್ಕಿತು. ಅಧಿಕಪ್ರಸಂಗ ಸಾಕು, ಕೂಡು ಎಂದೆ. ಕೂತ. ಆ ವರ್ಷ ಮತ್ತೆ ಅವನು ಏನನ್ನೂ ಕೇಳಿದ ನೆನಪಿಲ್ಲ. ಅವನ ಹೆಸರು ನನಗಿನ್ನೂ ನೆನಪಿದೆ. ಇಲ್ಲಿ ಬರೆಯುವುದು ಬೇಡ.

ಇರಲಿ, ಬಳ್ಳಿಗೆ ಬರೋಣ. ನೇರಳೆಯ ಹಣ್ಣು ರುಚಿ, ಪರಿಮಳಗಳಲ್ಲಿ ಮೇಲು. ಆದರೆ ಅದು ತಂಪು ನಾಡಿನ ಬಳ್ಳಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಸೊರಗು ರೋಗಕ್ಕೂ ಬೇಗ ತುತ್ತಾಗುತ್ತದೆ. ಹಳದಿ ಹುಳಿ ಹೆಚ್ಚಾದರೂ ಬಿಸಿಲಿಗೆ ಬಗ್ಗದು, ಆ ರೋಗಕ್ಕೂ ಅಷ್ಟು ಸುಲಭವಾಗಿ ಸೋಲದು. ಎರಡರ ಗುಣವೂ ಒಂದರಲ್ಲಿ ಬರಲೆಂದೇ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಇವುಗಳನ್ನು ಕೂಡಿಸಿ 'ಕಾವೇರಿ' ಎಂಬ ತಳಿಯನ್ನು ಮಾಡಿದ್ದಾರೆ. "ಹಾಗಿದ್ದರೆ ಅದನ್ನೇ ತರಿಸಬಾರದೇ?" ಎಂದು ಮಗ ಕೇಳಿದ. ಕೇಳಿದ್ದು ಸರಿಯೇ. ಆದರೆ ನನ್ನ ನೇರಳೆ ಬಳ್ಳಿ ಎರಡನೆಯ ಮಳೆಗಾಲದಲ್ಲಿ ಎಲೆ ಜೋತುಬಿಡತೊಡಗಿತ್ತು. ಅದು ಹೋಗುವ ಮುನ್ನ ಅದರದೊಂದು ಸಂತಾನ ಈ ಮಣ್ಣಿನಲ್ಲಿ ನಿಲ್ಲಲಿ ಎಂಬ ಹಟ ನನ್ನದು.

ಮೊದಲ ವರ್ಷ ನೇರಳೆಯ ಪರಾಗವನ್ನು ಹಳದಿಯ ಹೂವಿಗೆ ಸವರಿ ಸವರಿ ಸೋತೆ. ಒಂದೂ ಕಾಯಿ ಕಟ್ಟಲಿಲ್ಲ. ಗೊಬ್ಬರವನ್ನು ದೂರಿದೆ, ಬಿಸಿಲನ್ನು ದೂರಿದೆ. ಆಮೇಲೆ ಓದಿ ತಿಳಿದದ್ದೇನೆಂದರೆ, ಹಳದಿಯು ತನ್ನ ಪರಾಗವನ್ನೂ ಒಲ್ಲದು, ನೇರಳೆಯದನ್ನೂ ಒಲ್ಲದು; ಬೇರೊಂದು ಹಳದಿ ಬಳ್ಳಿಯದೇ ಆಗಬೇಕು. ಆದ್ದರಿಂದ ನೇರಳೆಯೇ ತಾಯಿಯಾಗಬೇಕು. ಅಲ್ಲಿ ಇನ್ನೊಂದು ತೊಡಕು. ನೇರಳೆಯ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಹಳದಿಯದು ಅರಳುವುದೇ ಮಧ್ಯಾಹ್ನ. ಒಂದು ಬಾಗಿಲು ಹಾಕುವ ಹೊತ್ತಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಹಳದಿಯಲ್ಲಿ ತುಸು ಬೇಗ ಅರಳುವ ಹೂವಿಗಾಗಿ ಹನ್ನೊಂದೂವರೆಯಿಂದಲೇ ಕುರ್ಚಿ ಹಾಕಿಕೊಂಡು ಕಾಯಬೇಕಾಯಿತು. ನೆರೆಯವರು ನನ್ನ ಆರೋಗ್ಯ ವಿಚಾರಿಸಿದ್ದೂ ಉಂಟು.

ನೇರಳೆ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದ್ದರಿಂದ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿ, ಪರಾಗ ಒಡೆಯುವ ಮುನ್ನ ಐದೂ ಕೇಸರಗಳನ್ನು ಕತ್ತರಿಸಿ, ಹೂವಿಗೆ ಕಾಗದದ ಚೀಲ ಕಟ್ಟಬೇಕು; ಇಲ್ಲವಾದರೆ ಕಪ್ಪು ಬಡಗಿದುಂಬಿಗಳು ನಮಗಿಂತ ಮೊದಲೇ ಕೆಲಸ ಮುಗಿಸುತ್ತವೆ. ಹೆಂಡತಿಯ ಕಸೂತಿ ಕತ್ತರಿಯಿಂದ ಮೊದಲ ಬಾರಿ ಆ ಐವರನ್ನು ತೆಗೆಯುವಾಗ ಕೈ ನಡುಗಿತು. ಐದು ಪಾಂಡವರು ಬಟ್ಟಲಲ್ಲಿ ಬಿದ್ದಿದ್ದರು. ಹೊತ್ತಿತ್ತು, ಕೌರವರನ್ನು ಎಣಿಸಿದೆ. ನೂರಿರಲಿಲ್ಲ. ಮಾರನೆಯ ದಿನದ ಹೂವಿನಲ್ಲಿ ಲೆಕ್ಕ ಬೇರೆಯೇ ಬಂತು. ಅದೂ ನೂರಲ್ಲ.

ಲೆಕ್ಕ ಕೂಡಬೇಕೇಕೆ? ಈ ಹೂವಿನ ತವರು ಅಮೆರಿಕ ಖಂಡ. 17ನೆಯ ಶತಮಾನದ ಯುರೋಪಿನ ಪಾದ್ರಿಗಳು ಇದೇ ಎಳೆಗಳಲ್ಲಿ ಕ್ರಿಸ್ತನ ಮುಳ್ಳಿನ ಕಿರೀಟವನ್ನೂ, ಐದರಲ್ಲಿ ಐದು ಗಾಯಗಳನ್ನೂ, ಮೂರರಲ್ಲಿ ಮೂರು ಮೊಳೆಗಳನ್ನೂ ಕಂಡರು. 'ಪ್ಯಾಷನ್' ಎಂಬುದು ಆ ಯಾತನೆಯ ಹೆಸರು. ಇದೇ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸ ಭಾರತ ಬರೆಯುವಾಗ ಈ ಬಳ್ಳಿ ನಮ್ಮ ನೆಲಕ್ಕೆ ಬಂದೇ ಇರಲಿಲ್ಲ. ಕತೆ ಚೆನ್ನಾಗಿದೆ, ಮಕ್ಕಳಿಗೆ ಹೇಳಬೇಕು. ಆದರೆ ಎಣಿಸಿದವನನ್ನು ಕೂಡಿಸಬಾರದಿತ್ತು.

ಆ ಹಂಗಾಮಿನಲ್ಲಿ ಹನ್ನೊಂದು ಹೂವುಗಳಿಗೆ ಪರಾಗ ಸವರಿದೆ. ನಾಲ್ಕು ಹೂವುಗಳ ಮೇಲೆ ಅಂದೇ ಮಳೆ ಹನಿಯಿತು. ನೆನೆದ ಪರಾಗ ಒಡೆದು ನಿಷ್ಫಲವಾಗುತ್ತದೆ. ಎರಡು ಕಾಯಿ ಕಟ್ಟಿ, ಒಂದು ಉದುರಿ, ಒಂದು ಎರಡೂವರೆ ತಿಂಗಳಿಗೆ ಹಣ್ಣಾಯಿತು. ತಾಯಿಬಳ್ಳಿ ಅದಾದ ತಿಂಗಳೊಳಗೆ ಒಣಗಿತು.

ಆ ಬೀಜಗಳಿಂದ ಐದು ಸಸಿ ಎದ್ದಿವೆ. ಹಳದಿ ಬಳ್ಳಿಯ ಕಾಂಡಕ್ಕೂ ಕುಡಿಬಳ್ಳಿಗೂ ಕೆಂಪು ಛಾಯೆ ಇರುತ್ತದೆ, ನೇರಳೆಯದು ಬರೀ ಹಸಿರು. ನನ್ನ ಮೂರು ಸಸಿಗಳ ಕುಡಿಯಲ್ಲಿ ಕೆಂಪು ಕಾಣುತ್ತಿದೆ. ಉಳಿದೆರಡು ಅಪ್ಪಟ ಹಸಿರು. ಎಲ್ಲೋ ನನ್ನ ಕತ್ತರಿ ತಡವಾಯಿತು, ಅವು ಬಹುಶಃ ತಾಯಿಯವೇ. ಕಿತ್ತುಹಾಕಲು ಮನಸ್ಸಾಗದೆ, ಮಣ್ಣು ಏರಿಸಿ, ಮರಳು ಬೆರೆಸಿ, ಅವನ್ನೂ ತಂತಿಗೆ ಹಬ್ಬಿಸಿದ್ದೇನೆ. ಹೂ ಇನ್ನೂ ಬಿಟ್ಟಿಲ್ಲ. ಕೆಂಪು ಕುಡಿಯವು ಬೆಳಿಗ್ಗೆ ಅರಳುತ್ತವೆಯೋ ಮಧ್ಯಾಹ್ನವೋ ಎಂದು ಕುರ್ಚಿಯನ್ನು ಹಿತ್ತಲಲ್ಲೇ ಬಿಟ್ಟಿದ್ದೇನೆ.