ಸೇತುವೆಯ ಕೆಳಗಿನ ದಾರಿ

ಹೈದರಾಬಾದಿನಲ್ಲಿ ನೆಲೆಸಿದ ನಮಗೆ ರಾಷ್ಟ್ರೀಯ ಹೆದ್ದಾರಿ 44 ಎಂದರೆ ಊರಿನ ದಾರಿ. ಕರ್ನೂಲು, ಅನಂತಪುರಗಳನ್ನು ದಾಟಿ ಬಾಗೇಪಲ್ಲಿಯ ಬಳಿ ಮೊದಲ ಕನ್ನಡ ಫಲಕ ಕಂಡೊಡನೆ ಕಾರಿನೊಳಗಿನ ಮಾತಿನ ಧಾಟಿಯೇ ಬದಲಾಗುತ್ತದೆ. ಅದೇ ಹೆದ್ದಾರಿ ಉತ್ತರಕ್ಕೂ ಸಾಗಿ ಶ್ರೀನಗರವನ್ನು ಮುಟ್ಟುತ್ತದೆಂಬುದು ತಿಳಿದಿದ್ದರೂ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕಾರನ್ನು ಆ ಕಡೆಗೆ ತಿರುಗಿಸಿರಲಿಲ್ಲ. ಈ ಮೇ ತಿಂಗಳಲ್ಲಿ ತಿರುಗಿಸಿದೆವು. ಅಮ್ಮ ತೀರಿಕೊಂಡು ವರ್ಷ ಕಳೆದಿತ್ತು. ಗುಂಡ್ಲುಪೇಟೆಯ ಬಳಿಯ ಮನೆಗೆ ಬೀಗ ಹಾಕಿ ಅಪ್ಪನನ್ನು ನಮ್ಮೊಡನೆ ಕರೆತಂದಿದ್ದೆವು. ಬೀಗ ಹಾಕಿದ ಮನೆಗೆ ಬೇಸಗೆ ರಜೆಯಲ್ಲಿ ಹೋಗುವುದೆಂದರೆ ಹೇಗೆಂದು ಯಾರಿಗೂ ತಿಳಿಯದೆ, ಮಗಳು ಹುಲಿ ನೋಡಬೇಕೆಂದು ಹಿಡಿದ ಹಟವನ್ನೇ ನೆವವಾಗಿ ಮಾಡಿಕೊಂಡು ಪೆಂಚ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಸ್ವಂತ ಕಾರಿನ ಪ್ರವಾಸಕ್ಕೆ ಎಲ್‌ಟಿಸಿ ಸಿಗದು. ಸಿಕ್ಕಿದ್ದರೂ ಮೇ ತಿಂಗಳಲ್ಲಿ ನಾಗಪುರದ ಕಡೆಗೆ ಹೊರಟವರನ್ನು ಲೆಕ್ಕಪತ್ರ ವಿಭಾಗದವರು ಅನುಮಾನದಿಂದಲೇ ನೋಡುತ್ತಿದ್ದರು.

ನಿರ್ಮಲದ ಘಟ್ಟದಲ್ಲಿ ತೇಗದ ಮರಗಳು ಎಲೆಯುದುರಿಸಿ ನಿಂತಿದ್ದವು. ಆದಿಲಾಬಾದ್ ದಾಟಿ ಪೈನಗಂಗಾ ಸೇತುವೆಯ ಮೇಲೆ ಮಹಾರಾಷ್ಟ್ರವನ್ನು ಹೊಕ್ಕಾಗ ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಿತ್ತು. ಅಪ್ಪ ಕಿಟಕಿಯ ಗಾಜನ್ನು ಆಗಾಗ ಇಳಿಸುತ್ತಿದ್ದರು. ಇಳಿಸಿದೊಡನೆ ಒಲೆಯ ಬಾಯಿಂದ ಬರುವಂಥ ಗಾಳಿ ನುಗ್ಗುತ್ತಿತ್ತು. “ಎಸಿ ಇದೆ ತಾತ,” ಎಂದು ಮಗಳು ಗೋಗರೆಯುತ್ತಿದ್ದಳು. ಮೂವತ್ತು ವರ್ಷ ಸರ್ಕಾರಿ ಬಸ್ಸನ್ನು ಓಡಿಸಿದವರು ಅವರು. ಗಾಳಿ ಮುಖಕ್ಕೆ ಬಡಿಯದಿದ್ದರೆ ವಾಹನ ಚಲಿಸುತ್ತಿದೆಯೆಂಬ ನಂಬಿಕೆಯೇ ಅವರಿಗೆ ಹುಟ್ಟದು. ಮಾತು ಮಾತ್ರ ಇಲ್ಲ. ಅಮ್ಮ ಹೋದ ಮೇಲೆ ಅವರು ಕೇಳಿದ್ದಕ್ಕಷ್ಟೇ ಉತ್ತರಿಸುತ್ತಿದ್ದರು.

ನಾಗಪುರದಲ್ಲಿ ರಾತ್ರಿ ಕಳೆದು ಬೆಳಗ್ಗೆ ಮನಸರ್, ದೇವಲಾಪಾರಗಳ ದಾರಿ ಹಿಡಿದೆವು. ಅಲ್ಲಿಂದ ಮಧ್ಯಪ್ರದೇಶದ ಗಡಿಯ ಖವಾಸಾದವರೆಗೆ ಹೆದ್ದಾರಿ ಪೆಂಚ್ ಕಾಡನ್ನು ಸೀಳಿಕೊಂಡು ಹೋಗುತ್ತದೆ. ನಾಲ್ಕು ಪಥಗಳ ನುಣುಪಾದ ರಸ್ತೆ ಅಲ್ಲಲ್ಲಿ ನೆಲ ಬಿಟ್ಟು ಮೇಲೇರಿ, ಕಂಬಗಳ ಮೇಲೆ ಸಾಗಿ, ಮತ್ತೆ ಇಳಿಯುತ್ತದೆ. ಕೆಳಗೆ ಹೊಳೆಯಿಲ್ಲ, ರೈಲು ಹಳಿಯೂ ಇಲ್ಲ. ಎರಡು ಸೇತುವೆಗಳು ಕಳೆದ ಮೇಲೆ ಅಪ್ಪ, “ಇದ್ಯಾಕೆ ಒಣ ನೆಲದ ಮೇಲೆ ಬ್ರಿಜ್ಜು ಕಟ್ಟವ್ರೆ?” ಎಂದರು. ಆ ದಿನ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಪ್ರಾಣಿಗಳಿಗಾಗಿ ಎಂದು ಹೇಳಿದೆವು. ರಸ್ತೆಯನ್ನು ಅಗಲಗೊಳಿಸುವಾಗ ಕಾಡು ಎರಡಾಗಿ ತುಂಡಾಗದಿರಲೆಂದು ಮಹಾರಾಷ್ಟ್ರದ ಭಾಗದಲ್ಲಿ ಇಂಥ 9 ಹಾದಿಗಳನ್ನು ಮಾಡಿದ್ದಾರೆ. ಅತಿ ಉದ್ದದ್ದು 750 ಮೀಟರು. ಭಾರತೀಯ ವನ್ಯಜೀವಿ ಸಂಸ್ಥೆಯವರು ಕಂಬಗಳ ಬಳಿ ಕ್ಯಾಮೆರಾ ಕಟ್ಟಿ 2019ರಲ್ಲಿ ನೋಡಿದಾಗ 18 ಜಾತಿಯ ಕಾಡುಪ್ರಾಣಿಗಳು, ಹುಲಿಯೂ ಸೇರಿ, ಆ ಹಾದಿಯಲ್ಲಿ ನಡೆದಿದ್ದವು. ನಮ್ಮ ಬಂಡೀಪುರದಲ್ಲಿ ಇದೇ ಸಮಸ್ಯೆಗೆ ಬೇರೆ ಉತ್ತರ ಹುಡುಕಿದೆವು: 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆಯನ್ನೇ ಮುಚ್ಚಿದೆವು. ನಮಗೆ ಮುಚ್ಚುವ ಉತ್ತರವೇ ಇಂದಿಗೂ ಹೆಚ್ಚು ಹಿತವೆನಿಸುತ್ತದೆ. ಕಾಂಕ್ರೀಟಿನ ಮೇಲೆ ಲಾರಿಗಳು ಇರುಳಿಡೀ ಗುಡುಗುತ್ತಿರುವಾಗ ಕೆಳಗೆ ನಡೆಯುವ ಜಿಂಕೆಗೆ ಏನನ್ನಿಸುವುದೋ ಯಾರು ಕೇಳಿದರು! ಆದರೂ ಮುಚ್ಚಲಾಗದ ರಸ್ತೆಗೆ ಇದಕ್ಕಿಂತ ಮೇಲಾದ ಉಪಾಯವನ್ನು ನಾವು ಕಂಡಿಲ್ಲ. ಇಷ್ಟನ್ನೂ ಅಪ್ಪನಿಗೆ ವಿವರಿಸಿದೆವು. ಅವರು ಏನೂ ಹೇಳಲಿಲ್ಲ. ಮುಂದಿನ ಸೇತುವೆ ಬಂದಾಗ ಕತ್ತು ಚಾಚಿ ಕೆಳಗೆ ನೋಡಲು ಯತ್ನಿಸಿದರು. ಬೆಳಕೂ ಸದ್ದೂ ಕೆಳಗಿಳಿಯದಿರಲೆಂದು ಅಂಚಿನಲ್ಲಿ ಎತ್ತರದ ಅಡ್ಡಗೋಡೆ ನಿಲ್ಲಿಸಿದ್ದರು, ಏನೂ ಕಾಣಲಿಲ್ಲ.

ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಸಿವನಿ ಜಿಲ್ಲೆಯ ಹೆಸರು ಕೇಳಿದೊಡನೆ ಕಿಪ್ಲಿಂಗ್ ನೆನಪಾಗದಿರಲಾರ. ಮೌಗ್ಲಿಯ ತೋಳಗಳ ಹಿಂಡು ಈ ಬೆಟ್ಟಗಳದ್ದೇ. 1894ರಲ್ಲಿ ಪ್ರಕಟವಾದ ‘ದಿ ಜಂಗಲ್ ಬುಕ್’ ಅನ್ನು ಆತ ಬರೆದದ್ದು ಅಮೆರಿಕೆಯ ವರ್ಮಾಂಟಿನ ಹಿಮದ ನಡುವೆ. ದಾರಿಯುದ್ದಕ್ಕೂ ಮಗಳಿಗೆ ಇದನ್ನೆಲ್ಲ ಹೇಳಲು ಹೊರಟೆವು. ಅವಳು ಸಿನಿಮಾ ನೋಡಿದ್ದಳು, ಸಾಕೆಂದಳು.

ತುರಿಯಾ ದ್ವಾರದಿಂದ ನಸುಕಿನಲ್ಲಿ ಜಿಪ್ಸಿ ಏರಿದೆವು. ಮೇ ತಿಂಗಳಲ್ಲಿ ಆ ಕಾಡಿಗೆ ಬಣ್ಣವೆಂಬುದು ಉಳಿದಿರುವುದಿಲ್ಲ. ನೆಲದ ತುಂಬ ತೇಗದ ತರಗೆಲೆ. ಜಿಂಕೆ ಕಾಲಿಟ್ಟರೂ ಹಪ್ಪಳ ಮುರಿದ ಸದ್ದು. ನಡುವೆ ಅಲ್ಲಲ್ಲಿ ಬೆಳ್ಳಗೆ, ಎಲೆಯಿಲ್ಲದೆ ನಿಂತ ಒಂದು ಮರ. ಬೆಳದಿಂಗಳಲ್ಲಿ ನೋಡಿದವರು ಹೆದರುತ್ತಾರೆಂದು ಅದನ್ನು ಭೂತದ ಮರವೆನ್ನುತ್ತಾರಂತೆ. 29 ಮರಿಗಳನ್ನು ಹೆತ್ತು 2022ರ ಜನವರಿಯಲ್ಲಿ ತೀರಿಕೊಂಡ ‘ಕಾಲರ್‌ವಾಲಿ’ ಹುಲಿಯ ಕಥೆಯನ್ನು ಮಾರ್ಗದರ್ಶಿ ತನ್ನ ಮನೆಯ ಅಜ್ಜಿಯ ಕಥೆಯಂತೆ ಹೇಳಿದ. ಕಾಟಿ, ಕೆನ್ನಾಯಿ, ಮುಸುವಗಳು ಕಂಡವು. ಮಗಳು ಇಂಗ್ಲಿಷಿನಲ್ಲಿ ಹೆಸರು ಹೇಳಿದಂತೆಲ್ಲ ಅಪ್ಪ ಕನ್ನಡದ ಹೆಸರನ್ನು ಮೆಲ್ಲಗೆ ಸೇರಿಸುತ್ತಿದ್ದರು.

ಒಂದು ತಿರುವಿನಲ್ಲಿ ದೂರದಿಂದ ತುತ್ತೂರಿಯ ಒಂದೇ ಒಂದು ತುಂಡಿನಂಥ ಕೂಗು ಕೇಳಿತು. ಮಾರ್ಗದರ್ಶಿ ಬೆರಳೆತ್ತುವ ಮೊದಲೇ ಅಪ್ಪ, “ಕಡವೆ,” ಎಂದರು. ಹುಲಿಯ ಸುಳಿವೆಂದು ಜಿಪ್ಸಿ ಆ ಕಡೆ ಧಾವಿಸಿತು. ಹುಲಿ ಕಾಣಲಿಲ್ಲ. ಬಾಲವೆತ್ತಿ ನಿಂತ ಹೆಣ್ಣು ಕಡವೆ, ಅದರ ಹಿಂದೆ ಮರಿ. ನಾವೆಲ್ಲ ಫೋನು ಹಿಡಿದೆವು. ಅಪ್ಪ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಿದ್ದರು. ಬಿಸಿಲು ತಾಗಿರಬೇಕೆಂದು ನೀರು ಕುಡಿಸಿದೆವು.

ಆ ರಾತ್ರಿ ನಾವು ತಂಗಿದ್ದ ಕಡೆ ವಿದ್ಯುತ್ ಹೋಯಿತು. ಕೋಣೆಯ ಗೋಡೆಗಳೇ ಕಾದಿದ್ದರಿಂದ ಅಂಗಳದಲ್ಲಿ ಮಂಚ ಹಾಕಿಸಿಕೊಂಡೆವು. ಮಗಳು ನಿದ್ದೆ ಹೋಗಿದ್ದಳು. ಅಪ್ಪ ಕತ್ತಲಲ್ಲಿ, “ಆ ಬ್ರಿಜ್ಜಿನ ಕೆಳಗೆ ನಿಜ್ವಾಗ್ಲೂ ಹೋಯ್ತವಾ?” ಎಂದರು. ಹೋಗುತ್ತವೆ, ಚಿತ್ರಗಳಿವೆ ಎಂದೆವು. ತುಸು ಹೊತ್ತು ಬಿಟ್ಟು ಅವರು ಹೇಳತೊಡಗಿದರು.

“ತೊಂಬತ್ನಾಲ್ಕನೇ ಇಸ್ವಿ. ಊಟಿಯಿಂದ ವಾಪಸ್ ಬರ್ತಿದ್ದೆ. ಕೆಕ್ಕನಹಳ್ಳದ ಚೆಕ್‌ಪೋಸ್ಟ್ ದಾಟಿ ಒಂದೆರಡು ಮೈಲಿ ಅಷ್ಟೆ. ಕಡವೆ ಲೈಟಿಗೆ ಸಿಕ್ಕಿ ನಿಂತ್ಕತು. ಲೈಟ್ ಬಿದ್ರೆ ಅದು ಅಳ್ಳಾಡಕಿಲ್ಲ ಕಣಪ್ಪ. ಬ್ರೇಕ್ ಒತ್ತುದ್ರೆ ಹಿಂದೆ ಐವತ್ತು ಜನ ಅವ್ರೆ. ಒತ್ತುದೆ. ಆದ್ರೂ ತಗುಲ್ತು. ಇಳಿದು ನೋಡುದ್ರೆ ಪಕ್ಕದಲ್ಲಿ ಮರಿ. ಅದು ಓಡ್ನಿಲ್ಲ. ಕಂಡಕ್ಟ್ರು, ಕೇಸಾಯ್ತದೆ ಹೊರಡಣ್ಣ ಅಂದ. ಹೊಂಟ್ಬುಟ್ಟೆ.”

ನಾವು ಆ ವರ್ಷವನ್ನು ಬಲ್ಲೆವು. ನಾವು ಒಡಹುಟ್ಟಿದವರು ಶಾಲೆ, ಕಾಲೇಜುಗಳಲ್ಲಿದ್ದ ಕಾಲ. ಅಪ್ಪ ಇದ್ದಕ್ಕಿದ್ದಂತೆ ಬೆನ್ನುನೋವೆಂದು ಹೇಳಿ ಊಟಿ ಮಾರ್ಗವನ್ನು ಬಿಟ್ಟು ಕೊಳ್ಳೇಗಾಲದ ಹಗಲು ಬಸ್ಸು ಕೇಳಿ ಪಡೆದಿದ್ದರು. ರಾತ್ರಿಯ ಭತ್ಯೆ ತಪ್ಪಿ ಮನೆಯಲ್ಲಿ ಕೈ ಬಿಗಿಯಾಯಿತು. ಬೆನ್ನುನೋವನ್ನು ಅಮ್ಮ ನಂಬಲಿಲ್ಲ. ಆನೆ ಅಡ್ಡ ಬಂದಿರಬೇಕು, ಹೆದರಿದ್ದಾರೆ ಎಂದು ನೆರೆಹೊರೆಯಲ್ಲಿ ನಗುತ್ತ ಹೇಳಿದಳು. ಆನೆಗೆ ಹೆದರಿದ ಡ್ರೈವರ್ ಎಂದು ನಾವೂ ಅವರೆದುರಿಗೇ ಹಾಸ್ಯ ಮಾಡಿದ್ದುಂಟು. ಇತ್ತೀಚೆಗೆ, ಅಮ್ಮನ ವರ್ಷಾಬ್ದಿಗೆ ಸೇರಿದ ನೆಂಟರ ಮುಂದೆ ಕೂಡ ಅದನ್ನು ಮತ್ತೆ ಹೇಳಿ ನಕ್ಕಿದ್ದೆವು. ಅವರೂ ನಕ್ಕಿದ್ದರು.

“ಅಮ್ಮನಿಗೆ ಹೇಳಲಿಲ್ಲವೇ?”

“ಅವಳು ಆಗ ಬಾಣಂತಿತನ ಮುಗಿಸ್ಕೊಂಡು ಎದ್ದಿದ್ಲು. ಮಗ ಉಳೀನಿಲ್ವಲ್ಲ. ಅವಳಿಗೆ ಏನಂತ ಹೇಳ್ಲಿ?”

ಆ ಮಗುವಿನ ಮಾತನ್ನೂ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮನೆಯವರು ಎದ್ದು ಹೋಗಿ ಒದ್ದೆ ಮಾಡಿದ ಟವಲನ್ನು ತಂದು ಅಪ್ಪನ ಕೈಗೆ ಕೊಟ್ಟರು. ಅವರು ಅದನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದರು. ನಾವು ಬೆಳಗಿನ ತನಕ ಎಚ್ಚರವಿದ್ದೆವು.

ಮರುದಿನದ ಸಫಾರಿಯಲ್ಲೂ ಹುಲಿ ಕಾಣಲಿಲ್ಲ. ಮಗಳ ಮುನಿಸು ಖವಾಸಾದ ತನಕ ಇತ್ತು. ಆಮೇಲೆ ಸೇತುವೆಗಳನ್ನು ಎಣಿಸುವ ಆಟ ಹೂಡಿದಳು. ಅಪ್ಪ ಬೆರಳು ಮಡಿಸುತ್ತ ಅವಳೊಡನೆ ಎಣಿಸಿದರು. ಒಂದನ್ನು ಅವಳು ಬಿಟ್ಟಾಗ, “ಅದೂ ಅವುಕ್ಕೇನೆ, ಸೇರ್ಸು,” ಎಂದರು. ಮನಸರ್ ದಾಟಿದ ಮೇಲೆ, “ಇಲ್ಲಿಂದ ನಮ್ಮೂರಿಗೆ ಎಷ್ಟಾಯ್ತದೆ ಮಗ?” ಎಂದು ಕೇಳಿದರು. ಅವಳು ಫೋನಿನಲ್ಲಿ ನೋಡಿ, ಸಾವಿರದ ಮುನ್ನೂರು ಕಿಲೋಮೀಟರಿನ ಹತ್ತಿರ ಎಂದಳು.

“ಇದೇ ರೋಡಾ?”

“ಬೆಂಗಳೂರಿನ ತನಕ ಇದೇ ತಾತ.”

ಅಪ್ಪ ಕಿಟಕಿಯ ಗಾಜನ್ನು ಇಳಿಸಿದರು. ಈ ಸಲ ಯಾರೂ ಬೇಡವೆನ್ನಲಿಲ್ಲ.