ಗುರುವಾಕ್ಯವೂ ಪ್ರಮಾಣವೂ

ಹಟ್ಟಿಯ ಗಣಿಯಲ್ಲಿ ಕಲ್ಲಿನ ಬಣ್ಣವನ್ನು ನೋಡಿ ಚಿನ್ನವೆಂದು ಯಾರೂ ನಂಬುವುದಿಲ್ಲ. ಟನ್ನೊಂದಕ್ಕೆ ಕೆಲವೇ ಗ್ರಾಮಿನಷ್ಟು ಹುದುಗಿರುವ ಆ ಲೋಹವನ್ನು, ಅದಿರಿನ ಮಾದರಿಯನ್ನು ಪುಡಿಮಾಡಿ ಪರೀಕ್ಷಿಸಿದ ಮೇಲೆಯೇ ಲೆಕ್ಕಕ್ಕೆ ಹಿಡಿಯುವರು. ಅನುಭವಿಗಳ ಕಣ್ಣಂದಾಜಿಗೆ ಬೆಲೆಯುಂಟು. ಅದೇ ಕೊನೆಯ ಮಾತಲ್ಲ. ಈ ಊರಿನ ಕಾರ್ಮಿಕನೊಬ್ಬನು ಉಬ್ಬುಹಲ್ಲಿನ ಎಂಟು ವರ್ಷದ ಮಗಳನ್ನು ರಾಯಚೂರಿನ ದಂತವೈದ್ಯರಲ್ಲಿಗೆ ಕರೆದೊಯ್ದನೆಂದು ಭಾವಿಸೋಣ. ‘ಈಗಲೇ ತಂತಿ ಕಟ್ಟಿಸಬೇಕೆ, ನಾಲ್ಕು ವರ್ಷ ಕಾಯಬಹುದೆ?’ ಎಂಬ ಅವನ ಪ್ರಶ್ನೆಗೆ ದೊರೆಯುವ ಉತ್ತರವು ಯಾವ ಒರೆಗಲ್ಲಿಗೆ ಉಜ್ಜಿದ್ದು?

ವಕ್ರದಂತಗಳನ್ನು ಸಾಲುಗೊಳಿಸುವ ವಿದ್ಯೆಯು ಬಹುಕಾಲ ಗುರುವಾಕ್ಯವನ್ನೇ ಹಿಡಿದು ನಡೆಯಿತು. 1900ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಇದಕ್ಕೆಂದೇ ಶಾಲೆ ತೆರೆದ ಎಡ್ವರ್ಡ್ ಆಂಗಲ್ ಅವರು, ಸಾಲು ಸರಿಪಡಿಸಲೆಂದು ಹಲ್ಲು ಕೀಳಕೂಡದೆಂದು ವಿಧಿಸಿದರು. ಶಿಷ್ಯ ಚಾರ್ಲ್ಸ್ ಟ್ವೀಡ್ ಅವರು ಗುರುಭಕ್ತರು. ಆದರೂ ತಾವೇ ಸರಿಪಡಿಸಿದ ಹಲ್ಲುಗಳು ಮತ್ತೆ ವಕ್ರವಾದುದನ್ನು ಕಂಡು ಕಣ್ಣು ಮುಚ್ಚಿಕೊಳ್ಳಲಿಲ್ಲ. ಅಂತಹ 100 ಮಂದಿಯನ್ನು ಮರಳಿ ಕರೆದು, ನಾಲ್ಕು ನಾಲ್ಕು ಹಲ್ಲು ಕಿತ್ತು, ಶುಲ್ಕವಿಲ್ಲದೆ ಮತ್ತೆ ಚಿಕಿತ್ಸೆ ಮಾಡಿ, ದಾಖಲೆಗಳನ್ನು 1940ರಲ್ಲಿ ವಿದ್ವತ್ಸಭೆಯ ಮುಂದಿಟ್ಟರು. ಗುರುಗಳು ತೀರಿಕೊಂಡು ಆಗಲೇ ಹತ್ತು ವರ್ಷ. ಗುರುದ್ರೋಹವೆಂದವರೂ ಇದ್ದರು. ತನ್ನ ಸೋಲನ್ನು ತಾನೇ ಸಭೆಗೆ ತಂದು ತೋರಿಸುವುದಕ್ಕಿಂತ ಮಿಗಿಲಾದ ಗುರುದಕ್ಷಿಣೆ ಯಾವುದೋ! ಆದರೆ ಟ್ವೀಡ್ ಅವರ ಸಾಕ್ಷ್ಯವೂ ಪೂರ್ಣವಲ್ಲ. ಹಲ್ಲು ಕೀಳದ ಸಮಾನ ಗುಂಪೊಂದನ್ನು ಪಕ್ಕಕ್ಕಿಟ್ಟು ಅವರು ಹೋಲಿಸಿರಲಿಲ್ಲ.

ಉಬ್ಬುಹಲ್ಲಿನ ವಿಷಯದಲ್ಲಿ ಅಂತಹ ಹೋಲಿಕೆ ಮುಂದೆ ನಡೆಯಿತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಮಕ್ಕಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ, ಕೆಲವರಿಗೆ ಎಳವೆಯಲ್ಲೇ, ಉಳಿದವರಿಗೆ ಹದಿಹರೆಯದಲ್ಲಿ ಚಿಕಿತ್ಸೆ ಆರಂಭಿಸಿದರು. ಈ ಪ್ರಯೋಗಗಳನ್ನು ಒಟ್ಟಾಗಿ ತೂಗಿದ ಕೊಕ್ರೇನ್ ಸಂಸ್ಥೆಯ 2018ರ ವಿಮರ್ಶೆಯ ಪ್ರಕಾರ, ಕೊನೆಯ ಫಲದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಬೇಗ ಆರಂಭಿಸಿದವರಲ್ಲಿ ಮುಂದಿನ ಹಲ್ಲಿಗೆ ಪೆಟ್ಟಾಗುವುದು ಮಾತ್ರ ಕಡಿಮೆ. ಹಟ್ಟಿಯ ತಂದೆಗೆ ಇದು ಶುಷ್ಕ ಶಾಸ್ತ್ರವಲ್ಲ. ಬೇಗ ಆರಂಭಿಸಿದರೆ ಚಿಕಿತ್ಸೆ ಎರಡು ಹಂತ. ಪಾಳಿ ತಪ್ಪಿಸಿ ರಾಯಚೂರಿಗೆ ತಿರುಗಾಟವೂ ಅಷ್ಟೇ ಹೆಚ್ಚು.

ತಜ್ಞರೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಪ್ರಮಾಣಾಧಾರಿತ ಚಿಕಿತ್ಸೆಯನ್ನು ಹೊಗಳುವರು. ಬಳಕೆಯ ಮಾತು ಬಂದಾಗ ಓದಲು ಬಿಡುವಿಲ್ಲ, ಸಂಖ್ಯಾಶಾಸ್ತ್ರದ ಪರಿಭಾಷೆ ತೊಡಕು ಎನ್ನುವರು. ಇಂತಹ ಸಮೀಕ್ಷೆಗಳು ಹಲವು ದೇಶಗಳಲ್ಲಿ ನಡೆದಿವೆ. ಹೀಗಾಗಿ ಚಿಕಿತ್ಸೆಯ ಕುರ್ಚಿಯ ಬಳಿ ಹಿರಿಯರ ಮಾತೇ ಗೆಲ್ಲುವುದು ಸಹಜ. ನಮ್ಮ ತರ್ಕಶಾಸ್ತ್ರದಲ್ಲಿ ಆಪ್ತವಾಕ್ಯವೂ ಪ್ರಮಾಣವೇ ಸರಿ. ಆದರೆ ಆಪ್ತನು ವಸ್ತುವನ್ನು ಯಥಾರ್ಥವಾಗಿ ಅರಿತವನಾಗಿರಬೇಕೆಂಬ ನಿಬಂಧನೆಯನ್ನು ಮರೆಯುವವರೇ ಬಹಳ. ಇನ್ನೊಂದು ತುದಿಯ ತಪ್ಪೂ ಉಂಟು. ಸಂಶೋಧನೆಯ ಸಾಕ್ಷ್ಯ, ವೈದ್ಯನ ಅನುಭವ, ರೋಗಿಯ ಇಷ್ಟ ಮೂರೂ ಕೂಡಬೇಕೆಂಬುದು ಡೇವಿಡ್ ಸ್ಯಾಕೆಟ್ ಮೊದಲಾದವರು 1996ರಲ್ಲಿ ವಿವರಿಸಿದ ಮಾತು. ಬರಿಯ ಅಂಕಿಗಳನ್ನು ಓದಿ ಹೇಳಿ ಕಳುಹಿಸುವುದಲ್ಲ. ಆ ತಂದೆಯ ಮುಂದೆ ಎರಡು ದಾರಿಗಳನ್ನೂ ತೆರೆದಿಡುವ ಮೊದಲು, ಹುಡುಗಿ ಶಾಲೆಯ ಅಂಗಳದಲ್ಲಿ ಎಷ್ಟು ಓಡಿ ಬೀಳುವವಳೆಂದು ವೈದ್ಯರು ಕೇಳಬೇಕು.